ಮೂಗಿನೊಳಗಿನ ಉಪ್ಪಿನ ಲೆಕ್ಕ

ಸಾಸಿವೆಗಿಂತ ಸಣ್ಣದೊಂದು ಸ್ಯಾಕರಿನ್ ಹರಳು. ಡಾಕ್ಟರು ಅದನ್ನು ಸಪೂರ ಕಡ್ಡಿಯ ತುದಿಯಲ್ಲಿ ಹಿಡಿದು ನನ್ನ ಬಲಹೊಳ್ಳೆಯೊಳಗೆ ಇಟ್ಟರು. "ಇನ್ನು ಸೀನಬಾರದು, ಮೂಗು ಏರಿಸಬಾರದು, ತಲೆ ಹಿಂದಕ್ಕೆ ವಾಲಿಸಬಾರದು. ಆಗಾಗ ಎಂಜಲು ನುಂಗ್ತಾ ಇರಿ. ಬಾಯಿ ಸಿಹಿ ಆದ ತಕ್ಷಣ ಹೇಳಿ" ಅಂದವರೇ ಗಡಿಯಾರ ನೋಡಿಕೊಂಡು ಮುಂದಿನ ಪೇಷೆಂಟನ್ನು ಕರೆದರು.

ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಸೀನಬಾರದು ಅಂದರೆ ಸೀನು ಬರುತ್ತದೆ, ಅದು ಲೋಕಾರೂಢಿ. ಹಲ್ಲು ಕಚ್ಚಿ ತಡೆದುಕೊಂಡೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಪಕ್ಕದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು "ನಿಮಗೇನು ತೊಂದರೆ?" ಎಂದು ವಿಚಾರಿಸಿದರು. "ಸಿಹಿಗೆ ಕಾಯ್ತಾ ಇದೀನಿ" ಅಂದೆ. ಅವರು ಮತ್ತೆ ಮಾತಾಡಿಸಲಿಲ್ಲ.

ಮೂಗಿನ ಒಳಪೊರೆ ಆರೋಗ್ಯವಾಗಿದ್ದರೆ ಅಲ್ಲಿಟ್ಟ ಹರಳು ಕರಗಿ, ಲೋಳೆಯ ಜೊತೆ ಹಿಂದಕ್ಕೆ ಸಾಗಿ, ಗಂಟಲಿಗಿಳಿದು ನಾಲಗೆಗೆ ಸಿಹಿ ತಾಗಲು ಸುಮಾರು 20 ನಿಮಿಷದೊಳಗೆ ಸಾಕು. 30 ದಾಟಿದರೆ ಸಾಗಾಟ ನಿಧಾನವಾಗಿದೆ ಎಂದು ಲೆಕ್ಕ. ನನಗೆ ಸಿಹಿ ಬಂದದ್ದು 37ನೇ ನಿಮಿಷಕ್ಕೆ, ಅದೂ ಬಂತೋ ಇಲ್ಲವೋ ಎಂಬ ಹಾಗೆ. ಎಂಆರ್‌ಐ, ಜೀನ್ ಪರೀಕ್ಷೆಗಳ ಕಾಲದಲ್ಲಿ ಒಂದು ಚಿಟಿಕೆ ಸಿಹಿ ಮತ್ತು ಒಂದು ಗಡಿಯಾರ ನನ್ನ ಮೂವತ್ತು ವರ್ಷದ ಸೈನಸ್ ಪುರಾಣಕ್ಕೆ ಮೊದಲ ಬಾರಿಗೆ ಒಂದು ಅಂಕಿ ಕೊಟ್ಟವು.

ಡಾಕ್ಟರು ಅಂದು ಹೇಳಿದ ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಾ ಉಳಿಯಿತು: "ನಿಮ್ಮ ಮೂಗಲ್ಲಿ ನೀರು ಜಾಸ್ತಿ ಆಗಿರೋದಲ್ಲ. ಬೇಕಾದ ಜಾಗದಲ್ಲಿ ನೀರು ಸಾಲ್ತಾ ಇಲ್ಲ."

ಇದನ್ನು ಒಪ್ಪುವುದು ನನಗೆ ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ನಾನು ಬೆಳೆದ ಮನೆ ಗೊತ್ತಿರಬೇಕು. ಮಲೆನಾಡಿನ ಸಾಗರ ಪೇಟೆಯ ಹತ್ತಿರದ ಹಳ್ಳಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಅಲ್ಲಿ ಮೂಗಿನ ರೋಗಕ್ಕೆಲ್ಲ ಒಂದೇ ಹೆಸರು ಶೀತ, ಒಂದೇ ಕಾರಣ ತಲೆಗೆ ನೀರಿಳಿದದ್ದು, ಒಂದೇ ಮದ್ದು ಒಣಗಿಸುವುದು. ಶಾಲೆಯಿಂದ ಬಂದ ಕೂಡಲೇ ಅಮ್ಮನ ಮೊದಲ ಪ್ರಶ್ನೆ "ತಲೆ ಸರಿಯಾಗಿ ಒರೆಸ್ಕೊಂಡ್ಯೇನೋ?" ಬಚ್ಚಲೊಲೆಯ ಮುಂದೆ ಕೂರಿಸಿ ಬೆನ್ನು ಕಾಯಿಸುತ್ತಿದ್ದಳು. ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಅದರ ತುದಿ ಕಪ್ಪಾಗಿ ಹೊಗೆಯಾಡತೊಡಗಿದ ಮೇಲೆ ನನ್ನ ಮೂಗಿನ ಕೆಳಗೆ ತರುತ್ತಿದ್ದಳು. ಎಳೆದರೆ ಕಣ್ಣಿನಲ್ಲಿ ನೀರು, ನೆತ್ತಿಗೇರುವ ಘಾಟು, ಐದು ನಿಮಿಷ ಮೂಗು ಬಯಲು. ಆಮೇಲೆ ಮತ್ತೆ ಕಟ್ಟುತ್ತಿತ್ತು.

ಬೆಂಗಳೂರಿಗೆ ಬಂದ ಮೇಲೆ ಅರಿಶಿನದ ಜಾಗಕ್ಕೆ ನೆಗಡಿ ಮಾತ್ರೆ ಬಂತು. ತಗೊಂಡರೆ ಬಾಯಿ ಒಣಗಿ, ಮೂಗು ಒಣಗಿ, ಮಧ್ಯಾಹ್ನವಿಡೀ ತೂಕಡಿಕೆ. ಒಣಗಿತಲ್ಲ, ಗುಣವಾಯಿತು ಅಂದುಕೊಳ್ಳುತ್ತಿದ್ದೆ. ಒಳಗಿದ್ದದ್ದು ಮಾತ್ರ ಅಂಟಾಗಿ, ಹಳದಿಯಾಗಿ, ಕೆನ್ನೆಯ ಮೂಳೆಯ ಹಿಂದೆ ಕಲ್ಲಿನ ಹಾಗೆ ಕೂತಿರುತ್ತಿತ್ತು. ಬಗ್ಗಿ ಶೂ ಲೇಸ್ ಕಟ್ಟಿದರೆ ಹುಬ್ಬಿನ ಮಧ್ಯೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಗುತ್ತಿತ್ತು.

ಅಮ್ಮ ಒಣಗಿಸುವುದರಲ್ಲಿ ತಪ್ಪಿದಳು, ಸರಿ. ಆದರೆ ಈ ರೋಗದ ಗುಟ್ಟೂ ಅವಳ ಅಡುಗೆಮನೆಯ ಅಟ್ಟದ ಮೇಲೇ ಇತ್ತು. ಏಪ್ರಿಲ್‌ನಲ್ಲಿ ಅಪ್ಪೆಮಿಡಿ ಬರುತ್ತಿದ್ದಂತೆ ಅಮ್ಮ ಅದನ್ನು ತೊಳೆದು, ನೆರಳಲ್ಲಿ ಆರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಹಿಡಿ ಕಲ್ಲುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು ಎಂದು ತುಂಬುತ್ತಿದ್ದಳು. ಒಂದು ಹನಿ ನೀರು ಸೋಕುವ ಹಾಗಿಲ್ಲ. ಒದ್ದೆ ಕೈಯಲ್ಲಿ ಹತ್ತಿರ ಹೋದರೆ ಬೈಗುಳ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಉಪ್ಪು ಕಾಣುವುದಿಲ್ಲ, ಅರ್ಧ ಭರಣಿ ನೀರು. ಮಿಡಿಗಳು ಚಿರುಟಿ, ಸುಕ್ಕುಗಟ್ಟಿ, ತಮ್ಮದೇ ನೀರಿನಲ್ಲಿ ಮುಳುಗಿ ಕೂತಿರುತ್ತವೆ. ನೀರನ್ನು ಯಾರೂ ಹಿಂಡಿ ತೆಗೆದದ್ದಲ್ಲ. ಉಪ್ಪು ಹೊರಗಿತ್ತು, ನೀರು ಉಪ್ಪಿದ್ದಲ್ಲಿಗೆ ಹೋಯಿತು.

ಸೈನಸ್ ಅಂದರೆ ಮೂಗಿನ ಸುತ್ತಲ ಮೂಳೆಯೊಳಗಿನ ಗಾಳಿಗೂಡು. ಅದರ ಗೋಡೆಯ ಪ್ರತಿ ಜೀವಕೋಶವೂ ದಿನವಿಡೀ ಮಾಡುವ ಕೆಲಸ ಇಷ್ಟೇ. ಜೀವಕೋಶಕ್ಕೆ ನೀರನ್ನು ನೇರವಾಗಿ ಎತ್ತಿ ಹಾಕುವ ಪಂಪು ಇಲ್ಲ. ಅದು ಉಪ್ಪನ್ನು ಸಾಗಿಸುತ್ತದೆ, ನೀರು ಹಿಂದೆ ಬರುತ್ತದೆ. ಉಪ್ಪು ಅಂದರೂ ನಮ್ಮ ಡಬ್ಬಿಯ ಉಪ್ಪಲ್ಲ, ಅದು ಬಿಡಿಬಿಡಿಯಾಗಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ, ಒಂದು ಧನ, ಒಂದು ಋಣ, ಬೇರೆ ಬೇರೆ ಬಾಗಿಲಲ್ಲಿ ಓಡಾಡುತ್ತದೆ. ಜೀವಕೋಶದ ತಳದಲ್ಲಿ ಒಂದು ಪಂಪು ಹಗಲೂ ರಾತ್ರಿ ಮೂರು ಸೋಡಿಯಂ ಹೊರದಬ್ಬಿ ಎರಡು ಪೊಟ್ಯಾಸಿಯಂ ಒಳಗೆಳೆಯುತ್ತಿರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಅದನ್ನು ಏಡಿಯ ನರದಲ್ಲಿ ಕಂಡುಹಿಡಿದು 1957ರಲ್ಲಿ ಪ್ರಕಟಿಸಿದರು, ನೊಬೆಲ್ ಸಿಕ್ಕಿದ್ದು ನಲವತ್ತು ವರ್ಷ ಕಾದ ಮೇಲೆ, 1997ರಲ್ಲಿ. ಉಳಿದ ಓಡಾಟಕ್ಕೆಲ್ಲ ಈ ಪಂಪೇ ಆಧಾರ. ಅದರ ಬಲದಿಂದ ತಳಭಾಗದ ಇನ್ನೊಂದು ಬಾಗಿಲಲ್ಲಿ ಕ್ಲೋರೈಡ್ ಒಳಗೆ ಬಂದು ತುಂಬಿಕೊಳ್ಳುತ್ತದೆ. ಮೇಲ್ಭಾಗದಲ್ಲಿ, ಅಂದರೆ ಗಾಳಿಗೆ ಮುಖ ಮಾಡಿದ ಕಡೆ, ಎರಡು ಮುಖ್ಯ ಬಾಗಿಲು. ಒಂದು ಸಿಎಫ್‌ಟಿಆರ್, ಅದು ಕ್ಲೋರೈಡನ್ನು ಹೊರಗೆ ಬಿಡುತ್ತದೆ. ಅದರ ಹಿಂದೆ ಕೋಶಗಳ ಸಂದಿಯಲ್ಲಿ ಸೋಡಿಯಂ, ಅದರ ಹಿಂದೆ ನೀರು. ಇನ್ನೊಂದು ಈನ್ಯಾಕ್, ಅದು ಸೋಡಿಯಂ ಅನ್ನು ವಾಪಸ್ ಒಳಗೆ ಸೆಳೆಯುತ್ತದೆ, ನೀರೂ ಹಿಂದಿರುಗುತ್ತದೆ. ಒಂದು ಕೊಡುವ ಕೈ, ಇನ್ನೊಂದು ಎಳೆದುಕೊಳ್ಳುವ ಕೈ. ಎರಡೂ ಹೊಂದಿಕೊಂಡು ನಡೆದರೆ ಕೋಶಗಳ ಮೇಲೆ ಸುಮಾರು 7 ಮೈಕ್ರಾನ್ ಆಳದ ತಿಳಿನೀರಿನ ಪದರ ನಿಲ್ಲುತ್ತದೆ. ತಲೆಗೂದಲ ದಪ್ಪದ ಹತ್ತನೇ ಒಂದು ಪಾಲು.

ಅಷ್ಟೇ ಆಳ ಏಕೆ ಅಂದರೆ, ಆ ನೀರಿನಲ್ಲಿ ನಿಂತಿರುವ ಸಿಲಿಯಾಗಳ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಒಂದೊಂದು ಕೋಶದ ಮೇಲೆ ಇನ್ನೂರರ ಹತ್ತಿರ ಸೂಕ್ಷ್ಮ ರೋಮಗಳು, ಸೆಕೆಂಡಿಗೆ 10-15 ಸಲ ಬೀಸುತ್ತವೆ. ನೀರಿನ ಮೇಲೆ ಲೋಳೆಯ ಹಾಳೆ ತೇಲುತ್ತಿರುತ್ತದೆ, ಸಿಲಿಯಾದ ತುದಿ ಮಾತ್ರ ಅದಕ್ಕೆ ತಾಗಿ ಮುಂದಕ್ಕೆ ತಳ್ಳುತ್ತದೆ. ಧೂಳು, ಪರಾಗ, ಬ್ಯಾಕ್ಟೀರಿಯಾ ಎಲ್ಲವೂ ಆ ಹಾಳೆಗೆ ಅಂಟಿಕೊಂಡು ಗಂಟಲಿಗೆ ರವಾನೆ, ಅಲ್ಲಿಂದ ಹೊಟ್ಟೆಗೆ. ನಮಗೆ ಗೊತ್ತೇ ಆಗುವುದಿಲ್ಲ. ನಾಟಿಗದ್ದೆಯಲ್ಲಿ ನೀರು ಸರಿಯಾಗಿ ನಿಂತರೆ ಸಸಿ ನೆಟ್ಟಗೆ ನಿಲ್ಲುತ್ತದೆ, ನೀರು ಬತ್ತಿದರೆ ಕೆಸರಿಗೆ ಒರಗುತ್ತದೆ. ಇಲ್ಲೂ ಹಾಗೇ. ತಳದ ನೀರು ಇಳಿದರೆ ಲೋಳೆ ಸಿಲಿಯಾದ ಮೇಲೆಯೇ ಕೂತು ಅದನ್ನು ಅದುಮಿಬಿಡುತ್ತದೆ.

ಈ ಲೆಕ್ಕದ ಮೊದಲ ಸುಳಿವು ನಮಗೆ ಸಿಕ್ಕಿದ್ದು ಮೂಗಿನಿಂದಲ್ಲ, ಬೆವರಿನಿಂದ. ಯುರೋಪಿನಲ್ಲಿ ಹಿಂದಿನಿಂದಲೂ ಒಂದು ನಂಬಿಕೆ ಇತ್ತು: ಹಣೆಗೆ ಮುತ್ತಿಟ್ಟಾಗ ಉಪ್ಪುಪ್ಪೆನಿಸುವ ಕೂಸು ಬಹಳ ದಿನ ಬದುಕುವುದಿಲ್ಲ. ಆ ರೋಗ ಸಿಸ್ಟಿಕ್ ಫೈಬ್ರೋಸಿಸ್, ಶ್ವಾಸಕೋಶ ಮೊದಲಾದ ಕಡೆ ಲೋಳೆ ಗಟ್ಟಿಯಾಗಿ ಕಟ್ಟಿಕೊಳ್ಳುವ ಹುಟ್ಟುರೋಗ. 1938ರಲ್ಲಿ ನ್ಯೂಯಾರ್ಕಿನ ಡೊರೊಥಿ ಆಂಡರ್ಸನ್ ಅದನ್ನು ಬೇರೆಯೇ ರೋಗವೆಂದು ವಿವರಿಸಿದರು. 1953ರಲ್ಲಿ ಪೌಲ್ ಡಿ ಸ್ಯಾಂಟ್ ಆಗ್ನೆಸೆ ಅಂಥ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತ ಎಂದು ತೋರಿಸಿದರು. ಏಕೆ ಎಂಬುದಕ್ಕೆ ಉತ್ತರ ಕೊಟ್ಟವರು ಪಾಲ್ ಕ್ವಿಂಟನ್. ಕ್ಯಾಲಿಫೋರ್ನಿಯಾದ ವಿಜ್ಞಾನಿ, ಸ್ವತಃ ಅದೇ ರೋಗದವರು. ಬೆವರು ಗ್ರಂಥಿಯ ಸಣ್ಣ ನಾಳಗಳನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ಅಳೆದು, ಅವುಗಳ ಗೋಡೆಯಲ್ಲಿ ಕ್ಲೋರೈಡ್ ದಾಟುವುದೇ ಇಲ್ಲ ಎಂದು 1983ರಲ್ಲಿ ಬರೆದರು. ತನ್ನ ಚರ್ಮದ ಗ್ರಂಥಿಗಳನ್ನೇ ಪ್ರಯೋಗಕ್ಕೆ ಒಡ್ಡಿದ ಮನುಷ್ಯ. ಆರು ವರ್ಷದ ನಂತರ, 1989ರಲ್ಲಿ ಆ ಮುಚ್ಚಿದ ಬಾಗಿಲಿನ ಜೀನ್ ಸಿಕ್ಕಿ, ಸಿಎಫ್‌ಟಿಆರ್ ಎಂಬ ಹೆಸರು ಬಂತು.

ಅದಕ್ಕೂ ಮೊದಲೇ, 1981ರಲ್ಲಿ ಉತ್ತರ ಕ್ಯಾರೊಲಿನಾದ ಮೈಕೆಲ್ ನೋಲ್ಸ್ ಮತ್ತು ರಿಚರ್ಡ್ ಬೌಚರ್ ತಂಡ ಮೂಗಿನೊಳಗಿನ ವಿದ್ಯುತ್ತನ್ನು ಅಳೆದಿತ್ತು. ವಿದ್ಯುತ್ತೇ. ಧನ, ಋಣ ಅಯಾನುಗಳು ಹೀಗೆ ಒಂದೇ ಸಮ ಓಡಾಡಿದರೆ ಗೋಡೆಯ ಎರಡು ಬದಿಗೆ ವೋಲ್ಟೇಜು ಹುಟ್ಟದೆ ಇರುತ್ತದೆಯೇ? ಆರೋಗ್ಯವಂತರ ಮೂಗಿನಲ್ಲಿ ಅದು ಇಪ್ಪತ್ತರ ಆಸುಪಾಸಿನ ಮಿಲಿವೋಲ್ಟ್, ಸಿಸ್ಟಿಕ್ ಫೈಬ್ರೋಸಿಸ್ ಇದ್ದವರಲ್ಲಿ ಅದರ ಎರಡರಷ್ಟು. ಕೊಡುವ ಕೈ ಮುಚ್ಚಿದಾಗ ಎಳೆದುಕೊಳ್ಳುವ ಕೈಗೆ ಕಡಿವಾಣವಿಲ್ಲ ಎಂದು ಅವರು ಅರ್ಥೈಸಿದರು. ಹಂದಿಮರಿಗಳಲ್ಲಿ ಈ ರೋಗ ತರಿಸಿ ನೋಡಿದ ಅಮೆರಿಕದ ಅಯೋವಾದ ಸಂಶೋಧಕರು ಮಾತ್ರ, ಸೋಡಿಯಂ ಎಳೆತ ಹೆಚ್ಚಾಗುವುದಿಲ್ಲ, ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಎಂಬ ಇನ್ನೊಂದು ಋಣ ಅಯಾನು ಹೊರಬರದಿರುವುದೇ ಮೂಲ ಎಂದು ಹಟ ಹಿಡಿದರು. ಆ ಜಗಳ ಇನ್ನೂ ತೀರಿಲ್ಲ. ನನ್ನ ಒಲವು ಎರಡನೆಯವರ ಕಡೆ, ಅದಕ್ಕೆ ಕಾರಣ ಕಾಮಕಸ್ತೂರಿ ಬೀಜ.

ಲೋಳೆಯ ಕಣಗಳು ಕೋಶದೊಳಗೆ ಒಣ ಕಾಮಕಸ್ತೂರಿ ಬೀಜದ ಹಾಗೆ ಒತ್ತೊತ್ತಾಗಿ ಮಡಚಿಕೊಂಡಿರುತ್ತವೆ, ಕ್ಯಾಲ್ಸಿಯಂ ಅವನ್ನು ಹೊಲಿದು ಹಿಡಿದಿರುತ್ತದೆ. ಹೊರಬಂದ ಗಳಿಗೆಯಲ್ಲಿ ಬೈಕಾರ್ಬೊನೇಟ್ ಆ ಕ್ಯಾಲ್ಸಿಯಂ ಅನ್ನು ಕಿತ್ತುಕೊಂಡರೆ ಲೋಳೆ ನೀರು ಕುಡಿದು, ಪಾನಕದ ಲೋಟದಲ್ಲಿ ಬೀಜ ಉಬ್ಬಿದಂತೆ ನೂರಾರು ಪಟ್ಟು ಉಬ್ಬಿ ಜಾರತೊಡಗುತ್ತದೆ. ಬೈಕಾರ್ಬೊನೇಟ್ ಸಿಗದಿದ್ದರೆ ಅರೆನೆಂದ ಬೀಜ, ಹಲ್ಲಿಗೆ ಅಂಟುವಂಥದ್ದು. ಈ ವಿವರಣೆಯೂ ಕ್ವಿಂಟನ್ ಅವರದೇ. ಆ ಬೈಕಾರ್ಬೊನೇಟ್ ಹೊರಬರುವುದೂ ಮುಖ್ಯವಾಗಿ ಸಿಎಫ್‌ಟಿಆರ್ ಬಾಗಿಲಲ್ಲೇ.

ನನಗೆ ಸಿಸ್ಟಿಕ್ ಫೈಬ್ರೋಸಿಸ್ ಇಲ್ಲ. ನನ್ನಂಥ ಸಾವಿರಾರು ಸೈನಸ್ಸಿಗರಿಗೂ ಇಲ್ಲ. ಹಾಗಾದರೆ ನಮ್ಮ ಬಾಗಿಲಿಗೆ ಏನಾಯಿತು?

ಕೆಲವರಿಗೆ ಹುಟ್ಟಿನಿಂದಲೇ ಒಂದು ಬಾಗಿಲು ಅರ್ಧ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 147 ದೀರ್ಘಕಾಲದ ಸೈನಸ್ ರೋಗಿಗಳ ಜೀನ್ ನೋಡಿದಾಗ ನೂರಕ್ಕೆ 7 ಮಂದಿಯಲ್ಲಿ ಸಿಎಫ್‌ಟಿಆರ್‌ನ ಒಂದು ಪ್ರತಿ ಕೆಟ್ಟಿತ್ತು. ರೋಗವಿಲ್ಲದವರಲ್ಲಿ ನೂರಕ್ಕೆ 2. ಉಳಿದವರಲ್ಲಿ ಹಲವರದು ಬಾಗಿಲು ಸರಿಯಿದ್ದೂ ತುಕ್ಕು ಹಿಡಿದದ್ದಿರಬಹುದು. ಸಿಗರೇಟಿನ ಹೊಗೆ ಈ ಬಾಗಿಲಿನ ಕೆಲಸವನ್ನು ಕುಗ್ಗಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಸ್ಪಷ್ಟವಾಗಿ ಕಂಡಿದೆ. (ನಾನು ಆರು ವರ್ಷ ಸೇದಿದ್ದೆ. ಮೂಗು ಬಿಟ್ಟುಕೊಳ್ಳುತ್ತದೆ ಎಂಬ ನೆಪ ಬೇರೆ.) ಇನ್ನೊಂದು, ಉಸಿರುಗಟ್ಟುವುದು. ಸೈನಸ್‌ನ ಸಣ್ಣ ಬಾಯಿ ಊದಿ ಮುಚ್ಚಿಕೊಂಡರೆ ಒಳಗಿನ ಆಮ್ಲಜನಕ ಇಳಿಯುತ್ತದೆ. ಆಮ್ಲಜನಕ ಇಳಿದರೆ ಕ್ಲೋರೈಡ್ ಸಾಗಾಟ ಇಳಿಯುತ್ತದೆ. ಕ್ಲೋರೈಡ್ ಇಳಿದರೆ ನೀರು ಇಳಿದು ಲೋಳೆ ಗಟ್ಟಿ. ಗಟ್ಟಿ ಲೋಳೆ ಹೊರಹೋಗದೆ ಅಲ್ಲೇ ಕೂತು ಸೋಂಕು, ಸೋಂಕಿನಿಂದ ಊತ, ಊತದಿಂದ ಬಾಯಿ ಇನ್ನಷ್ಟು ಬಂದ್. ಎಲ್ಲಿ ಶುರುವಾಯಿತು ಎಂದು ಹುಡುಕಿ ಫಲವಿಲ್ಲ. ಒಮ್ಮೆ ಸುತ್ತಲು ತೊಡಗಿದರೆ ಗಾಣದೆತ್ತು. ಹನ್ನೆರಡು ವಾರ ಸುತ್ತಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ್ದು ಎನ್ನುತ್ತಾರೆ, ನಾವು "ನಂಗೆ ಸೈನಸ್ ಇದೆ" ಎನ್ನುತ್ತೇವೆ, ಸೈನಸ್ ಎಲ್ಲರಿಗೂ ಇದ್ದದ್ದೇ ಎಂಬುದನ್ನು ಮರೆತು.

ಊರಲ್ಲಿ ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ ಎನ್ನುತ್ತಾರಲ್ಲ, ಆ ಪಾಲಿಪ್‌ನ ಕತೆ ಇನ್ನೂ ಬೇರೆ. ಅಲರ್ಜಿಯ ಜಾತಿಯ ಉರಿಯೂತದಲ್ಲಿ ಇಂಟರ್‌ಲೂಕಿನ್-4 ಮತ್ತು 13 ಎಂಬ ಸಂದೇಶವಾಹಕಗಳು ಹೆಚ್ಚಿ, ಲೋಳೆ ತಯಾರಿಸುವ ಕೋಶಗಳನ್ನು ಹೆಚ್ಚಿಸುತ್ತವೆ, ಅಯಾನು ಬಾಗಿಲುಗಳ ಜೋಡಣೆಯನ್ನೇ ಬದಲಿಸುತ್ತವೆ. ಅಲ್ಲಿ ಉಪ್ಪುನೀರಿನಿಂದ ಮೂಗು ತೊಳೆದರಷ್ಟೇ ಕೆಲಸ ಮುಗಿಯುವುದಿಲ್ಲ. ಸ್ಟೀರಾಯ್ಡ್ ಸ್ಪ್ರೇ ಬೇಕು, ಕೆಲವರಿಗೆ ಆಪರೇಷನ್, 2019ರಿಂದೀಚೆಗೆ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ನೂ ಇದೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಸ್ಪ್ರೇಯನ್ನು ಎರಡು ವರ್ಷ ಮುಟ್ಟದೆ ಕಪಾಟಿನಲ್ಲಿಟ್ಟ ದಡ್ಡ ನಾನು. ಮೂಗಿಗೆ ಹೊಡೆಯುವ ಆ ಪ್ರಮಾಣದಲ್ಲಿ ದೇಹಕ್ಕೆ ಸೇರುವುದು ಅತ್ಯಲ್ಪ.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಸಿಸ್ಟಿಕ್ ಫೈಬ್ರೋಸಿಸ್‌ನವರಿಂದಲೇ ಸಿಕ್ಕಿತು. ಕೆಟ್ಟ ಸಿಎಫ್‌ಟಿಆರ್ ಅನ್ನು ಸರಿಪಡಿಸುವ ಮೊದಲ ಮಾತ್ರೆ ಐವಕಾಫ್ಟರ್ 2012ರಲ್ಲಿ ಬಂತು, ಮೂರು ಔಷಧಗಳ ಜೋಡಣೆ 2019ರಲ್ಲಿ. ಅದರ ಮೊದಲ ಡೋಸ್ ನುಂಗಿದ ಕೆಲವೇ ಗಂಟೆಗಳಲ್ಲಿ ಹಲವರಿಗೆ ವರ್ಷಗಟ್ಟಲೆ ಅಂಟಿದ್ದ ಕಫ ಕಿತ್ತುಕೊಂಡು ಬರುತ್ತದೆ, ಮೂಗು ಸೋರತೊಡಗುತ್ತದೆ. ರೋಗಿಗಳೇ ಅದಕ್ಕೆ "ಪರ್ಜ್" ಎಂದು ಹೆಸರಿಟ್ಟರು. ಮೂಗು ಸೋರಿದ್ದಕ್ಕೆ ಸಂತೋಷದಿಂದ ಅತ್ತವರ ಅನುಭವಗಳನ್ನು ಓದಿದಾಗ ನನ್ನ ನೆಗಡಿ ಮಾತ್ರೆಗಳ ಖಾಲಿ ಪಟ್ಟಿ ನೆನಪಾಯಿತು.

ಅಗ್ಗದ ದಾರಿಯನ್ನು ತೋರಿಸಿದ್ದು ಆಸ್ಟ್ರೇಲಿಯಾದ ಸಮುದ್ರ. ಅಲ್ಲಿನ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ ಅಲೆಗಳ ಮೇಲೆ ಹಲಗೆ ಹಾಕಿ ಆಡುವವರ ಶ್ವಾಸಕೋಶ ಚೆನ್ನಾಗಿರುವುದನ್ನು ಡಾಕ್ಟರುಗಳು ಗಮನಿಸಿದರು. ಉಪ್ಪುಗಾಳಿ ಕುಡಿದು ಕುಡಿದು ಹೀಗಾಯಿತೇ ಎಂದು 7% ಉಪ್ಪುನೀರನ್ನು ಮಂಜಿನಂಥ ಸಣ್ಣ ಹನಿಗಳಾಗಿಸಿ ಎಳೆಸಿ ಪರೀಕ್ಷಿಸಿದರು, 2006ರಲ್ಲಿ ಫಲಿತಾಂಶ ಬಂತು, ಉಪಯೋಗವಾಗುತ್ತದೆ ಎಂದು. ಬಾಗಿಲು ಉಪ್ಪನ್ನು ಹೊರಗೆ ಬಿಡದಿದ್ದರೆ ಹೊರಗಿನಿಂದಲೇ ಉಪ್ಪು ಹಾಕು, ನೀರು ತಾನಾಗಿ ಬರುತ್ತದೆ. ಅಮ್ಮನ ಭರಣಿಯೇ.

ನನ್ನದು ಅಷ್ಟು ಖಾರದ ನೀರಲ್ಲ. ಒಂದು ಲೀಟರಿಗೆ 9 ಗ್ರಾಂ ಉಪ್ಪು, ನಮ್ಮ ರಕ್ತದಷ್ಟೇ ಉಪ್ಪುಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಸೋಡಾ ಅಂದರೆ ಬೈಕಾರ್ಬೊನೇಟ್ ಎಂಬುದು ಹೊಳೆದ ದಿನ ಅಡುಗೆಮನೆಯಲ್ಲಿ ಒಬ್ಬನೇ ನಕ್ಕಿದ್ದೆ. ಯೋಗದವರ ಜಲನೇತಿ ಪಾತ್ರೆಯೇ ಸಾಕು. ಸಿಂಕಿನ ಮೇಲೆ ಬಾಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಮೂತಿ ಇಡಬೇಕು. ಮೊದಲು ಏನೂ ಆಗುವುದಿಲ್ಲ, ಆಮೇಲೆ ಹಣೆಯ ಹಿಂದೆಲ್ಲೋ ಬೆಚ್ಚಗೆ ಏನೋ ತಿರುಗಿದಂತಾಗಿ ಇನ್ನೊಂದು ಹೊಳ್ಳೆಯಿಂದ ಎಳೆಎಳೆಯಾಗಿ ಇಳಿಯುತ್ತದೆ. ಉಪ್ಪು ಕಡಿಮೆಯಾದರೆ ಮೂಗು ಉರಿಯುತ್ತದೆ, ಸರಿಯಿದ್ದರೆ ನೀರು ಒಳಗಿದ್ದದ್ದೇ ಗೊತ್ತಾಗುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ನಾನು ಮನೆಯವರೊಡನೆ ಜಗಳಕ್ಕೂ ಸಿದ್ಧ: ನೀರು ಕುದಿಸಿ ಆರಿಸಿದ್ದೇ ಆಗಬೇಕು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಲ್ಲಿ ನೇತಿ ಮಾಡಿದ ಇಬ್ಬರು ನೆಗ್ಲೇರಿಯಾ ಎಂಬ ಮಿದುಳು ತಿನ್ನುವ ಅಮೀಬಾಕ್ಕೆ ಬಲಿಯಾದರು. ಕುಡಿದರೆ ಏನೂ ಮಾಡದ ಜೀವಿ ಅದು, ಮೂಗಿನಿಂದ ಹೋದರೆ ಮಾತ್ರ ಮಾರಿ.

ನೇತಿ, ಸ್ಪ್ರೇ ಎರಡನ್ನೂ ಎಂಟು ತಿಂಗಳು ಮಾಡಿದ ಮೇಲೆ ಮತ್ತೆ ಅದೇ ಬೆಂಚಿನ ಮೇಲೆ ಹರಳು ಇಟ್ಟುಕೊಂಡು ಕೂತೆ. 24 ನಿಮಿಷ. "ಇನ್ನೂ ಸ್ವಲ್ಪ ಸೋಮಾರಿ" ಅಂದರು ಡಾಕ್ಟರು.

ಈ ಸಲ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳುತ್ತಾ ಕೂತಿದ್ದೆ. ನಮ್ಮ ವಂಶದ ಹಿರಿಯ ಸೈನಸ್ಸಿಗ ಅವನು. ಎಂಬತ್ತರ ದಶಕದಲ್ಲಿ ಮೇಲ್ದುಟಿಯ ಒಳಗಿನಿಂದ ಕೊಯ್ದು ಕೆನ್ನೆಯ ಮೂಳೆಗೆ ಕಿಂಡಿ ಮಾಡಿ, ಕೀವು ಇಳಿದುಹೋಗಲಿ ಎಂದು ಮೂಗಿನ ತಳದ ಕಡೆ ಇನ್ನೊಂದು ತೂತು ಕೊರೆಯುವ ಆಪರೇಷನ್ ಮಾಡಿಸಿಕೊಂಡವನು. ಒಂದು ವರ್ಷಕ್ಕೆ ಮತ್ತೆ ಮೊದಲಿನ ಹಾಗೇ ಆಯಿತು, ಆ ಆಸ್ಪತ್ರೆಯನ್ನು ಅವನು ಇಂದಿಗೂ ಬೈಯುತ್ತಾನೆ. ನಾನು ಹೇಳಿದೆ, ತಪ್ಪು ಕೊಯ್ದವರದ್ದಲ್ಲ ದೊಡ್ಡಪ್ಪ, ಆ ಕಾಲದ ತಿಳಿವಳಿಕೆಯದ್ದು. ಕೆನ್ನೆಯ ಸೈನಸ್‌ನ ನಿಜವಾದ ಬಾಯಿ ಇರುವುದು ಮೇಲೆ, ಸೂರಿನ ಹತ್ತಿರ. ಸಿಲಿಯಾಗಳು ಲೋಳೆಯನ್ನು ಕೆಳಗಿನಿಂದ ಮೇಲಕ್ಕೆ, ಭೂಮಿಯ ಸೆಳೆತಕ್ಕೆ ಎದುರಾಗಿ, ಆ ಬಾಯಿಗೇ ಹೊತ್ತೊಯ್ಯುತ್ತವೆ. ಆಸ್ಟ್ರಿಯಾದ ಗ್ರಾತ್ಸ್ ಊರಿನ ಮೆಸ್ಸರ್‌ಕ್ಲಿಂಗರ್ ಎಂಬ ಡಾಕ್ಟರು ಎಂಡೋಸ್ಕೋಪ್ ಹಾಕಿ ಇದನ್ನು ವರ್ಷಗಟ್ಟಲೆ ನೋಡಿದರು. ತಳದಲ್ಲಿ ಎಷ್ಟು ದೊಡ್ಡ ತೂತು ಮಾಡಿದ್ದರೂ ಲೋಳೆ ಅದರ ಅಂಚಿನಲ್ಲೇ ಬಳಸಿಕೊಂಡು ಮೇಲಿನ ಹಳೇ ಬಾಯಿಗೇ ಹೋಗುತ್ತದೆ. ಆ ಹಳೇ ಬಾಯಿಯನ್ನೇ ಬಿಡಿಸುವ ಈಗಿನ ಆಪರೇಷನ್ ಅದರ ನಂತರ ಬಂದದ್ದು. ಬೇಲಿ ಕಿತ್ತು ಹೊಸ ದಾರಿ ಮಾಡಿಟ್ಟರೂ ದನ ಹಳೇ ಉಣಗೋಲಿಗೇ ಬಂದು ನಿಲ್ಲುತ್ತಲ್ಲ, ಹಾಗೆ.

ದೊಡ್ಡಪ್ಪ ಕವಳ ಅಗಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಅಂಗಳ ನೋಡಿದ. ತೋರುಬೆರಳಿನಿಂದ ಎಡಗೆನ್ನೆಯನ್ನು ಒಮ್ಮೆ ಒತ್ತಿಕೊಂಡ.

"ಅಂದ್ರೆ ಆ ತೂತು ಇಷ್ಟು ವರ್ಷ ಸುಮ್ಮನೇ ಇತ್ತಾ ಒಳಗೆ?" ಅಂದ.

"ಹೂಂ."

"ಒಂದು ಹನಿನೂ ಅದ್ರಲ್ಲಿ ಹೋಗ್ಲಿಲ್ಲ?"

"ಹೋಗಿರ್ಲಿಕ್ಕಿಲ್ಲ."

ಅವನು ಎದ್ದು ಜಗಲಿಯ ತುದಿಗೆ ಹೋಗಿ ಕವಳ ಉಗುಳಿ ಬಂದ. "ಹತ್ತು ಕ್ವಿಂಟಾಲ್ ಅಡಿಕೆ ಮಾರಿ ಕೊರೆಸಿದ್ದು ಮಾರಾಯಾ ಅದು" ಅಂದ.